ಮಲ್ಲಿಗೆ ಮೊಗ್ಗಿನ ವಾಚು

ಹಾನಗಲ್ಲ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಉಳವಪ್ಪನಿಗೆ ಕೈಗಡಿಯಾರದ ಹುಚ್ಚು. ಲಡಾಯಿ ಶುರುವಾಗಿ ಹೊಸ ವಾಚು ಸಿಗದಂತಾದ ಮೇಲಂತೂ, ಹುಬ್ಬಳ್ಳಿಗೆ ಹೋದಾಗೆಲ್ಲ ಕೆಟ್ಟು ನಿಂತವನ್ನು ಹುಡುಕಿ ತರುತ್ತಿದ್ದ. ಸವಣೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಶೇಖಸಾಬನ ಮಗ್ಗುಲಿಗೆ ಕುಂತು ಬಿಚ್ಚುವುದು, ಕೂಡಿಸುವುದು ಕಲಿತಿದ್ದ. ಒಂದರ ಮುಳ್ಳು ತೆಗೆದು ಇನ್ನೊಂದಕ್ಕೆ ಹಾಕುವನು. ಮಾಸಿದ ಮುಖ ತಿಕ್ಕಿ ಕನ್ನಡ ಅಂಕಿ ಬರೆಯುವನು.

ಎಲ್ಲಕ್ಕೂ ಚಂದದ್ದನ್ನು ಹೆಂಡತಿ ಸರೋಜವ್ವನ ಸಲುವಾಗಿ ಮಾಡಿದ. ಸಣ್ಣದೊಂದು ವಾಚಿನ ಮುಖಕ್ಕೆ ಎಲೆಹಸಿರು ಬಣ್ಣ ಕೊಟ್ಟು, ಅಂಕಿಗಳ ಜಾಗದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿದ. ಪತ್ತಾರ ಹೂವಪ್ಪನಿಂದ ಬೆಳ್ಳಿಯ ಸರಪಳಿ ಮಾಡಿಸಿದ.

"ನಾ ಒಲ್ಲೆರಿ. ಹೆಣಮಕ್ಕಳು ಯಾರ ಕಟ್ಟತಾರ ಇದನ್ನ?" ಎಂದಳು ಸರೋಜವ್ವ.

"ಯಾರೂ ಕಟ್ಟೂದಿಲ್ಲಂತನ ನಿನಗ ಮಾಡೇನಿ. ಆಡೂರಿಗೆ ಹೋಗೂಮುಂದ ಕಟ್ಟಿಕೋ, ಚಂದ ಕಾಣತೈತಿ."

ಆಡೂರಿನಲ್ಲಿ ಅವನ ಸೋದರಮಾವ ಶಂಕ್ರಪ್ಪನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಹೊರಡುವಾಗ ಸರಪಳಿ ಸರಿಯಾಗಿ ಕೂಡಲೆಂದು ಅವನೇ ಅವಳ ಎಡಗೈಯ ಬಳೆಗಳಲ್ಲಿ ಎರಡನ್ನು ತೆಗೆಸಿದ. ಗಾಡಿಯಲ್ಲಿ ಅವಳು ಆಗಾಗ ಸೆರಗು ಸರಿಸಿ ಅದನ್ನು ನೋಡಿಕೊಳ್ಳುತ್ತಿದ್ದಳು.

ಊಟದ ಪಂಕ್ತಿಗೆ ಅವಳು ಹೋಳಿಗೆ ಬಡಿಸುತ್ತ ಬಂದಾಗ ಶಂಕ್ರಪ್ಪನ ಕಣ್ಣು ಅವಳ ಕೈಮೇಲೆ ಬಿತ್ತು.

"ಏನವ್ವ, ಕಚೇರಿಗೆ ಹೊಂಟೀಯೇನು?" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆತ ಉಳವಪ್ಪನ ಕಡೆ ತಿರುಗಿ, "ಮುತ್ತೈದಿ ಕೈಯಾನ ಬಳಿ ತಗಸಿ ಇದನ್ನ ಕಟ್ಟಿದಾಂವ ನೀನ ಏನಲೇ?" ಎಂದು ಕೇಳಿದ.

ಎಲ್ಲರೂ ಇವನನ್ನೇ ನೋಡಿದರು. ಉಳವಪ್ಪನ ಬಾಯಿಂದ ತಾನಾಗಿಯೇ ಬಂತು: "ನಾ ಎಲ್ಲಿ ಕಟ್ಟಲಿ ಮಾವಾ? ಪೆಟಿಗ್ಯಾಗ ಬಿದ್ದಿತ್ತು. ಹುಚ್ಚಿ, ಆಟಿಗಿ ಸಾಮಾನ ಅಂತ ಹಾಕ್ಕೊಂಡ ಬಂದಾಳ."

ಮತ್ತೆ ನಗು. ಉಳವಪ್ಪನೂ ನಕ್ಕ. ಸರೋಜವ್ವ ಅವನನ್ನು ಒಮ್ಮೆ ನೋಡಿದಳು. ಉಳಿದವರಿಗೂ ಹೋಳಿಗೆ ಬಡಿಸಿ ಮುಗಿಸಿಯೇ ಒಳಗೆ ಹೋದಳು. ಹೊರಬಂದಾಗ ಕೈ ಬರಿದಾಗಿತ್ತು.

ತಿರುಗಿ ಬರುವಾಗ ಗಾಡಿಯಲ್ಲಿ, "ಸಿಟ್ಟಾಗೀಯೇನು?" ಎಂದ.

"ಸಿಟ್ಟಿಲ್ಲರಿ. ಚಂದ ಕಾಣತೈತಿ ಅಂದಿದ್ರಿ. ನಂಬಿದ್ದೆ."

ಗಾಡಿ ಹೊಡೆಯುತ್ತಿದ್ದ ದ್ಯಾಮಪ್ಪ ಕೇಳಿಸಿಕೊಂಡಾನೆಂದು ಉಳವಪ್ಪ ಸುಮ್ಮನಾದ. ಆಳಿನೆದುರು ತಪ್ಪಾಯಿತೆನ್ನಲಿಕ್ಕೂ ಅಂಜಿದೆನಲ್ಲ ಎಂದು ಮನೆ ಮುಟ್ಟುವತನಕ ಅವನಿಗೆ ಮತ್ತಷ್ಟು ನಾಚಿಕೆಯಾಯಿತು.

ಆಮೇಲೆ ವಾಚಿನ ಪೆಟ್ಟಿಗೆ ತೆರೆದರೆ ಕೈ ಓಡದು. ಚಿಮಟ ಹಿಡಿದರೆ ಪಂಕ್ತಿಯ ನಗು ಕೇಳುವುದು, ಅದರಲ್ಲಿ ತನ್ನ ದನಿಯೇ ದೊಡ್ಡದು. ಆ ವಾಚು ಎಲ್ಲಿಟ್ಟೆ ಎಂದು ಕೇಳುವ ಧೈರ್ಯವೂ ಆಗಲಿಲ್ಲ.

ಮಳೆಗಾಲದಲ್ಲಿ ಅವನ ತಾಯಿ ಫಕ್ಕೀರವ್ವನಿಗೆ ಜ್ವರ ಏರಿತು. ತಂಗಿಯನ್ನು ನೋಡಲು ಶಂಕ್ರಪ್ಪ ಆಡೂರಿನಿಂದ ಬಂದು ಕುಂತಿದ್ದ. ದವಾಖಾನೆಯ ನರ್ಸಬಾಯಿ ಬಂದು ಮುದುಕಿಯ ನಾಡಿ ಹಿಡಿದಳು. ಅವಳ ಮಣಿಕಟ್ಟಿನಲ್ಲಿ ಹಸಿರು ಮುಖದ, ಮೊಗ್ಗಿನ ವಾಚು.

ಉಳವಪ್ಪ ಬಗ್ಗಿ ನೋಡಿದ. "ಇದು..." ಎಂದ.

"ಮೊನ್ನೆ ಬಂದಾಗ ನಿಮ್ಮ ಮನಿಯವರ ಕೊಟ್ಟಾರರಿ. ನಾಡಿ ನೋಡಾಕ ನನ್ನ ಕಡೆ ವಾಚು ಇರಲಿಲ್ಲ," ಎಂದಳು ನರ್ಸಬಾಯಿ. "ಎಷ್ಟ ಚಂದ ಐತಿ, ಯಾರ ಮಾಡ್ಯಾರವ್ವ ಅಂತ ಕೇಳಿದೆ. ಗೊತ್ತಿಲ್ಲ, ಪೆಟಿಗ್ಯಾಗ ಬಿದ್ದಿತ್ತು ಅಂದ್ರು."

ಬಾಗಿಲಲ್ಲಿ ಬಿಸಿನೀರು ಹಿಡಿದು ನಿಂತಿದ್ದ ಸರೋಜವ್ವ ತಲೆ ಎತ್ತಲಿಲ್ಲ. ಆಡೂರಿನಲ್ಲಿ ತಾನು ಹೇಳಿದ ಸುಳ್ಳನ್ನು, ತನ್ನ ಮಾನ ಉಳಿಸಲೆಂದು, ಅವಳು ಇನ್ನೂ ಕಾಪಾಡುತ್ತಿದ್ದಾಳೆಂದು ಉಳವಪ್ಪನಿಗೆ ತಿಳಿಯಿತು. ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

"ಮಾವಾ," ಎಂದ, "ಅದನ್ನ ಮಾಡಿದಾಂವ ನಾನು. ಇಕಿ ಸಲುವಾಗಿನ ಮಾಡಿದ್ದೆ. ಬಳಿ ತಗಸಿದಾಂವನೂ ನಾನ. ನಿಮ್ಮ ಮನ್ಯಾಗ ಸುಳ್ಳ ಹೇಳಿದೆ."

ಶಂಕ್ರಪ್ಪ ಕಕ್ಕಾಬಿಕ್ಕಿಯಾಗಿ ನೋಡಿದ. "ಯಾವ ಮಾತೋ ಅದು? ನನಗ ನೆನಪ ಇಲ್ಲ. ಮೊದಲ ನಿಮ್ಮವ್ವಗ ಗಂಜಿ ಕುಡಸ್ರಿ."

ಆತನಿಗೆ ಅದು ಊಟದ ಹೊತ್ತಿನ ಚೇಷ್ಟೆ, ಅಷ್ಟೇ. ಅಷ್ಟಕ್ಕೇ ಉಳವಪ್ಪ ಹೆದರಿದ್ದ.

ನರ್ಸಬಾಯಿ ಗಾಬರಿಯಿಂದ ಸರಪಳಿ ಬಿಚ್ಚತೊಡಗಿದಳು. ಸರೋಜವ್ವ ಮುಂದೆ ಬಂದು ಅವಳ ಕೈ ತಡೆದಳು.

"ಬ್ಯಾಡ್ರಿ ಬಾಯಾರ. ಇರಲಿ, ನಿಮಗ ಒಪ್ಪೇತಿ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಬಿಸಿನೀರಿನ ತಂಬಿಗೆ ಗಂಡನ ಪಕ್ಕದಲ್ಲಿಟ್ಟು, "ಅತ್ತಿ ಕಾಲ ತಣ್ಣಗಾಗ್ಯಾವ, ಒತ್ತರಿ," ಎಂದಳು. ಉಳವಪ್ಪ ಅವ್ವನ ಪಾದ ಹಿಡಿದು ಕುಂತ. ತಲೆ ಬಗ್ಗಿಸಲಿಕ್ಕೆ ಅಷ್ಟಾದರೂ ಕೆಲಸ ಸಿಕ್ಕಿತ್ತು.