ಮಾಡಿನ ಕಿಂಡಿಗೆ ತುರುಕಿದ ಗೋಣಿ

ದೇವರ ದೀಪ ಪದೇ ಪದೇ ಆರಿಹೋದರೆ ಯಾರಿಗೆ ಸಮಾಧಾನ? ಲೂವಾಳಿಗಂತೂ ಇರಲಿಲ್ಲ. ಮೆಕಾಂಗ್ ನದಿಯ ಕವಲಿನ ದಂಡೆಯಲ್ಲಿ ಊರಿಗೆ ನೀರು ಬಿಡುವ ಪಂಪ್‌ಮನೆ ಅವಳ ಗಂಡ ಸಾಂಗ್‌ನ ಸುಪರ್ದಿಯಲ್ಲಿತ್ತು. ಉಪ್ಪುನೀರಿಗೆ ಕರೆಂಟು ಹಾಯಿಸಿ ಕ್ಲೋರಿನ್ ನೀರು ತೆಗೆಯುವ ಯಂತ್ರ ಅಲ್ಲಿತ್ತು. ಅದು ಬಂದ ಮೇಲೆ ಮಕ್ಕಳ ವಾಂತಿಭೇದಿ ಕಡಿಮೆಯಾಗಿತ್ತು.

ಯಂತ್ರದ ಮೇಲುಗಡೆ, ಎತ್ತರದ ಹಲಗೆಯಲ್ಲಿ ನೀರಿನಮ್ಮ ಬಾ ಥೂಯ್ ಕೂತಿದ್ದಳು. ಗಂಡ ಕ್ಷೇಮವಾಗಿರಲಿ ಅಂತ ಲೂವಾ ದಿನಾ ಬೆಳಿಗ್ಗೆ ಅಲ್ಲಿ ದೀಪ ಹಚ್ಚುತ್ತಿದ್ದಳು. ಮಾಡಿನ ಕಿಂಡಿಯಿಂದ ಬರುವ ಹೊಳೆಗಾಳಿಗೆ ಅದು ನಿಲ್ಲುತ್ತಿರಲಿಲ್ಲ. ನಿನ್ನೆ ಸಂಜೆ ಏಣಿ ಹತ್ತಿ ಕಿಂಡಿಗೆ ಗೋಣಿ ತುರುಕಿಬಿಟ್ಟಳು. ಸಾಂಗ್ ನೋಡಿಯೂ ಸುಮ್ಮನಿದ್ದ. ಹೆಂಡತಿಯ ದೇವರ ವಿಷಯಕ್ಕೆ ಬಾಯಿ ಹಾಕುವಷ್ಟು ದಡ್ಡನಲ್ಲ ಅವನು.

ಇವತ್ತು ಬೆಳಿಗ್ಗೆ ಅವನು ಸ್ವಿಚ್ಚಿಗೆ ಕೈ ಚಾಚಿದ್ದಾಗಲೇ ತ್ರಿಂಗ್ ದೋಣಿ ಇಳಿದು ಬಂದಳು. ಇದೇ ಊರ ಹುಡುಗಿ, ಜಿಲ್ಲೆಯ ನೀರಿನ ಕಚೇರಿಯಲ್ಲಿ ಕೆಲಸ.

"ತಡಿ ಅಣ್ಣ. ಕಿಂಡಿ ಯಾಕೆ ಮುಚ್ಚಿದೆ?"

"ದೀಪ ಆರ್ತಿತ್ತು ಕಣೇ," ಲೂವಾ ಅಂದಳು. "ಏನೀಗ? ಉಪ್ಪುನೀರಿಗೂ ಬೆಂಕಿ ಹತ್ತುತ್ತಾ?"

"ನೀರಿಗೆ ಹತ್ತಲ್ಲ ಅತ್ತಿಗೆ. ಕರೆಂಟು ಹಾಯ್ದಾಗ ಅದರಿಂದ ಜಲಜನಕ ಏಳುತ್ತೆ, ಕಿಡಿ ತಾಗಿದ್ರೆ ಸಿಡಿಯೋ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಹಗುರ ನೋಡಿ, ಸೀದಾ ಮಾಡಿಗೆ ಹೋಗಿ ಕೂರುತ್ತೆ. ಅಲ್ಲೇ ನಿಮ್ಮ ದೀಪ."

"ಸಾಕು ಹೆದರ್ಸಿದ್ದು. ಓದಿದೋರಿಗೆ ದೇವರು ಕಂಡ್ರೆ ಆಗಲ್ಲ, ಅಷ್ಟೇ."

ತ್ರಿಂಗ್ ವಾದಕ್ಕೆ ನಿಲ್ಲಲಿಲ್ಲ. ದೀಪ ಹೊರಗಿಡಿಸಿದಳು, ಗೋಣಿ ಕಿತ್ತಳು, ಫ್ಯಾನು ಹಾಕಿದಳು, ಆಮೇಲೆ ಯಂತ್ರ. ಒಳಗೇ ಬಾಯಿ ತೆರೆದಿದ್ದ ಅದರ ಅನಿಲ ಹೋಗುವ ಕೊಳವೆಯ ತುದಿಯನ್ನು ಗೋಡೆಯಾಚೆ ಎಳೆದು ಸಾಬೂನುನೀರಿಗೆ ಅದ್ದಿದಳು. ಎದ್ದ ನೊರೆಯಲ್ಲಿ ಒಂದು ಸೌಟು ತೆಗೆದು ದೂರದ ಅಂಗಳದಲ್ಲಿಟ್ಟು, ಉದ್ದ ಬಿದಿರಿನ ತುದಿಯ ಬೆಂಕಿ ಮುಟ್ಟಿಸಿದಳು.

ಢಂ ಅಂತು. ಬಾತುಕೋಳಿಗಳೆಲ್ಲ ಕಾಲುವೆಗೆ ಬಿದ್ದವು.

"ಇದು ಒಂದು ಸೌಟು," ತ್ರಿಂಗ್ ಅಂದಳು. "ಮಾಡಿನ ತುಂಬ ಆಗಿದ್ರೆ?"

ಲೂವಾ ಗಂಡನ ಮುಖ ನೋಡಿದಳು. ಏಣಿ ಹತ್ತಿ ನೀರಿನಮ್ಮನನ್ನು ತಾನೇ ಇಳಿಸಿ, ಹೊಳೆ ಮೆಟ್ಟಿಲ ಪಕ್ಕದ ಮರದ ಬುಡದಲ್ಲಿ ಕೂರಿಸಿದಳು.

"ಇಲ್ಲಿ ಇನ್ನೂ ಜಾಸ್ತಿ ಗಾಳಿ ಕಣೇ. ದೀಪ ನಿಲ್ಲುತ್ತಾ?" ಸಾಂಗ್ ಕೆಣಕಿದ.

"ಆರಲಿ ಬಿಡು, ಮತ್ತೆ ಹಚ್ತೀನಿ. ನೀನು ಹೋಗಿದ್ರೆ ಎಲ್ಲಿಂದ ತರ್ಲಿ?"

ನಿಮ್ಮೂರಲ್ಲೂ ಇಂಥ ಯಂತ್ರ ಇದ್ದರೆ ಇವತ್ತೇ ಹೋಗಿ, ತಲೆಯೆತ್ತಿ ಮಾಡು ನೋಡಿ. ಕಿಂಡಿ ತೆರೆದಿರಲಿ. ಮೊದಲು ಫ್ಯಾನು, ಆಮೇಲೆ ಯಂತ್ರ. ಒಳಗೆ ದೀಪ, ಬೀಡಿ, ಒಲೆ ಯಾವುದೂ ಬೇಡ. ನೊರೆಗೆ ಬೆಂಕಿ ಇಟ್ಟು ನೋಡುವ ಕೆಲಸವನ್ನು ನೀವು ಮಾಡಬೇಡಿ, ತ್ರಿಂಗ್ ಮಾಡಿ ತೋರಿಸಿದ್ದು ಸಾಕು. ದೇವರನ್ನು ಹೊರಗೂ ಕೂರಿಸಬಹುದು; ಒಳಗೆ ನಿಂತು ದುಡಿಯುವವನು ನಿಮ್ಮ ಮನೆಯವನು.