ವೈರಪ್ಪನೂ ವೈರಿಲ್ಲದ ದೋಣಿಯೂ

ವೈರಿಲ್ಲದ ಯಾವ ವಸ್ತುವನ್ನೂ ವೈರಪ್ಪ ನಂಬಿದವನಲ್ಲ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು; ಅದೀಗ ಅವನ ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಟಿವಿಗೆ ಹಾಕಿ ಆಡುವ ಗೇಮ್ ಮೆಷಿನ್ನುಗಳನ್ನು ರಿಪೇರಿ ಮಾಡುತ್ತಾ, ಬಂದ ಗಿರಾಕಿಗೆಲ್ಲ "ವೈರಿಂದೇ ತಗೊಳ್ಳಿ, ವೈರು ಸುಳ್ಳು ಹೇಳಲ್ಲ" ಎಂದು ಪಾಠ ಒಪ್ಪಿಸುತ್ತಾ ಇದ್ದುದಕ್ಕೆ ಬೀದಿಯೇ ಸೇರಿ ಅವನಿಗೆ ಆ ಹೆಸರನ್ನು ಅಂಟಿಸಿತ್ತು. ಅವನಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ.

ಅವನ ವಾದ ಇಷ್ಟೇ. ಬೆರಳು ಒತ್ತಿದ್ದು ಮೆಷಿನ್ನಿಗೆ ತಲುಪಬೇಕಾದರೆ ನಡುವೆ ಒಂದು ದಾರಿ ಬೇಕು. ಗಾಳಿಯಲ್ಲಿ ಹೋದ ಮಾತು ಯಾವಾಗ ತಲುಪುತ್ತದೋ, ಯಾರಿಗೆ ತಲುಪುತ್ತದೋ, ಯಾರು ಕಂಡವರು? ಕೈಲಿ ಹಿಡಿದು ಒತ್ತುವ ಈಗಿನ ವೈರಿಲ್ಲದ ಕಂಟ್ರೋಲರುಗಳಲ್ಲಿ ಆ ತಡ ಕಣ್ಣು ಮಿಟುಕಿಸುವಷ್ಟೂ ಇಲ್ಲ ಎಂದು ಯಾರಾದರೂ ಹೇಳಿದರೆ, ಅಪಘಾತಗಳೆಲ್ಲ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲೇ ಅನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ಮುಟ್ಟಿ ತೋರಿಸಿದರೂ ಅದು ಬಾಲ ಅನ್ನುವ ಆಸಾಮಿ.

ಹೀಗಿರುವಾಗ ಹೊಸ ಮೆಷಿನ್ನು ಬರುತ್ತದೆಂದು ಸುದ್ದಿಯಾಯಿತು. ವೈರಪ್ಪ ವರ್ಷವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಎರಡು ಮಾರುದ್ದದ ವೈರು ಇರುತ್ತದೆ, ಸಿಕ್ಕಿಸಲು ಎರಡು ಕಿಂಡಿ ಇರುತ್ತವೆ, ಹೆಬ್ಬೆರಳಿನಿಂದ ತಳ್ಳಲು ಸವೆಯದ ಗಟ್ಟಿ ಕಡ್ಡಿ ಇರುತ್ತದೆ ಎಂದು ಗಿರಾಕಿಗಳಿಗೆ ಮೊದಲೇ ಮಾತು ಕೊಟ್ಟುಬಿಟ್ಟಿದ್ದ. ಪೆಟ್ಟಿಗೆ ಬಂತು. ಒಡೆದು ನೋಡಿದರೆ ಒಂದೇ ಥರದ ಎರಡು ಕರೀ ಕಂಟ್ರೋಲರು, ಚಾರ್ಜು ಮಾಡಲು ಗೇಣುದ್ದದ ಒಂದು ವೈರು, ಮೆಷಿನ್ನಿನ ಮುಂದೆ ಒಂದೇ ಒಂದು ಕಿಂಡಿ. ಪೆಟ್ಟಿಗೆಯನ್ನು ಬೋರಲು ಹಾಕಿ ಅಲ್ಲಾಡಿಸಿದ. ತೆಳ್ಳನೆಯ ಪುಸ್ತಕವೊಂದು ಬಿತ್ತು. ಅವನು ನೆಲದ ಮೇಲೆ ಕೂತಿದ್ದ ರೀತಿ ನೋಡಿ ಹೆಂಡತಿ, ಯಾರಾದರೂ ತೀರಿಹೋದರಾ ಎಂದು ಕೇಳಿದಳು. ಪುಸ್ತಕವನ್ನು ಅವನು ಬಿಚ್ಚಲೇ ಇಲ್ಲ. ರಿಪೇರಿಯವನು ಪುಸ್ತಕ ಓದುವುದುಂಟೇ?

ನಿಜವಾದ ಆಘಾತ ಬಂದದ್ದು ಅದೇ ವಾರ. ಅವನಮ್ಮ ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು, ಬೀದಿಗೆಲ್ಲ ಟೈಲರಮ್ಮ. ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಮೇಲೇಳಲಿಲ್ಲ. ಪಾರ್ಶ್ವವಾಯು. ಎರಡು ತಿಂಗಳಲ್ಲಿ ಮಾತು ತಿರುಗಿ ಬಂತು, ಕಾಲೂ ಹೇಗೋ ಬಂತು. ಬಲಗೈ ಮಾತ್ರ ಮಡಿಲಲ್ಲಿ ಮಲಗಿಯೇ ಇತ್ತು. ಕೈ ಬರುತ್ತದಾ ಎಂದು ಕೇಳಿದ್ದಕ್ಕೆ ಡಾಕ್ಟರು ನೋಡೋಣ ಅಂದರು. ಅಂಗಡಿಯಲ್ಲಿ ಸುಟ್ಟು ಕರಕಲಾದ ಮೆಷಿನ್ನು ತಂದವರಿಗೆ ವೈರಪ್ಪನೂ ನೋಡೋಣ ಅಂತಲೇ ಹೇಳುತ್ತಿದ್ದ. ಅದರರ್ಥ ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಮೇಡಂ ಬಿಡಲಿಲ್ಲ. ಹೆಬ್ಬೆರಳಿಗೆ ದಿನಾ ಕೆಲಸ ಕೊಡಿ, ಆಟವಾದರೂ ಸರಿ ಅಂದರು. ವೈರಪ್ಪ ಹೊಸ ಮೆಷಿನ್ನನ್ನು ಟಿವಿಗೆ ಹಾಕಿ, ನದಿಯ ಮೇಲೆ ದೋಣಿ ನಡೆಸುವ, ಒಬ್ಬರೇ ಆಡುವ ಒಂಟಿ ಆಟವೊಂದನ್ನು ಹಚ್ಚಿ, ಕಂಟ್ರೋಲರನ್ನು ಅಮ್ಮನ ಕೈಗಿಟ್ಟ. ದೋಣಿ ತಾನಾಗಿ ಮುಂದೆ ಹೋಗುತ್ತದೆ, ಹೆಬ್ಬೆರಳಿನಿಂದ ಕಡ್ಡಿಯನ್ನು ಎಡಕ್ಕೆ ಬಲಕ್ಕೆ ತಳ್ಳಿದರಾಯಿತು. ಅಮ್ಮನ ದೋಣಿ ಹನ್ನೊಂದು ಸಲ ದಡಕ್ಕೆ ಹೊಡೆಯಿತು. "ಸಾಕು ಬಿಡೋ, ಸತ್ತ ಕೈಗೆ ಯಾಕೆ ಹಿಂಸೆ" ಅಂದವಳು ಗೋಡೆ ಕಡೆ ತಿರುಗಿ ಮಲಗಿದಳು. ಆ ದಿನ ಊಟ ಮುಟ್ಟಲಿಲ್ಲ.

ಮಾರನೇ ದಿನ ವೈರಪ್ಪ ಒಂದು ಕಳ್ಳ ಕೆಲಸ ಮಾಡಿದ, ಹೆಂಡತಿಗೂ ಹೇಳದೆ. ಅಮ್ಮನ ಕಂಟ್ರೋಲರಿಗೂ ಮೆಷಿನ್ನಿಗೂ ಇದ್ದ ಸಂಬಂಧ ತಪ್ಪಿಸಿದ. ಅದರ ನೆತ್ತಿಯ ಮೇಲಿನ ಪುಟ್ಟ ದೀಪ ಉರಿಯದೇ ಇರುವುದು ಅವಳಿಗೆ ಕಾಣಬಾರದೆಂದು ಕರೀ ಟೇಪು ಅಂಟಿಸಿದ. ಎರಡನೇ ಕಂಟ್ರೋಲರನ್ನು ಟವೆಲ್ಲಿನ ಕೆಳಗೆ ಮುಚ್ಚಿಟ್ಟುಕೊಂಡು, ಅಮ್ಮನಿಗಿಂತ ಒಂದು ಮೊಳ ಹಿಂದೆ ಕುರ್ಚಿ ಹಾಕಿ ಕೂತು, ದೋಣಿಯನ್ನು ತಾನೇ ನಡೆಸಿದ. ಬೆಣ್ಣೆಯ ಮೇಲೆ ಚಾಕು ಆಡಿದ ಹಾಗೆ ದೋಣಿ ಹೋಯಿತು. ಅಮ್ಮನ ಮುಖ ನೋಡಬೇಕಿತ್ತು ಆಗ. ಮೂರು ಸಲ ಆಡಿದಳು, ನಾಲ್ಕನೆಯದಕ್ಕೂ ಕೈ ಚಾಚಿದಳು. ವೈರಪ್ಪನ ಕಣ್ಣು ತುಂಬಿ ಬಂತು. ಸುಳ್ಳೇ ಇರಲಿ, ಊಟ ಮಾಡುತ್ತಾಳಲ್ಲ ಅಂದುಕೊಂಡ.

ಆ ಸಂಜೆ ಅಮ್ಮ ತನ್ನ ಕಂಟ್ರೋಲರನ್ನು ತೋರಿಸಿ, ಈ ರಿಮೋಟಿಗೂ ಹೊಟ್ಟೆ ಇರುತ್ತದಲ್ಲ, ಇದಕ್ಕೂ ಊಟ ಹಾಕು ಎಂದಳು. ಸತ್ತದ್ದಕ್ಕೆ ಊಟ ಯಾಕೆ ಎಂದು ಹೇಳುವಂತಿಲ್ಲವಲ್ಲ. ಗೇಣುದ್ದದ ವೈರಿನಿಂದ ಅದನ್ನು ಮೆಷಿನ್ನಿನ ಒಂದೇ ಕಿಂಡಿಗೆ ಸಿಕ್ಕಿಸಿದ. ತನ್ನದನ್ನು ಅಂಗಡಿಗೆ ಒಯ್ದು ಅಲ್ಲಿ ಚಾರ್ಜು ಮಾಡಿಕೊಂಡ. ಅಂದಿನಿಂದ ಅದೇ ಪದ್ಧತಿಯಾಯಿತು.

ಮೂರನೇ ದಿನದಿಂದ ದೋಣಿ ಹಟ ಹಿಡಿಯಿತು. ಎಡಕ್ಕೆ ತಳ್ಳಿದರೆ ಯೋಚನೆ ಮಾಡಿ ಎಡಕ್ಕೆ ಹೋಗುತ್ತದೆ, ಅದೂ ಅರೆಮನಸ್ಸಿನಿಂದ, ಮುನಿಸಿಕೊಂಡ ಅಳಿಯನನ್ನು ಊಟಕ್ಕೆ ಎಬ್ಬಿಸಿದ ಹಾಗೆ. ಒಮ್ಮೊಮ್ಮೆ ದಡಕ್ಕೇ ಬಡಿಯುತ್ತದೆ. ವೈರಪ್ಪನಿಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು ಅಂದರೆ ಸುಳ್ಳಲ್ಲ. ನಾನು ಬಡಕೊಂಡಿರಲಿಲ್ಲವಾ, ಹೊಸ ಮೆಷಿನ್ನಾದರೂ ಗಾಳಿ ಗಾಳಿಯೇ ಎಂದು ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದ. ದಡಕ್ಕೆ ತಾಗಿದಾಗ ಕೈಯಲ್ಲಿ ಗುರ್ ಅಂದಿತು ಎಂದು ಅಮ್ಮ ಒಂದು ದಿನ ಹೇಳಿದಳು. ಪಾಪ, ಭ್ರಮೆ ಎಂದುಕೊಂಡ. ಡಿಕ್ಕಿಯಾದಾಗ ನಡುಗಬೇಕಾದ ತನ್ನ ಕಂಟ್ರೋಲರು ಒಂದು ಸಲವೂ ನಡುಗಿರಲಿಲ್ಲ. ಈ ಕಂಪನಿಯವರು ನಡುಗುವ ಮೋಟರನ್ನೂ ನುಂಗಿ ನೀರು ಕುಡಿದಿದ್ದಾರೆ ಎಂದು ಅದಕ್ಕೊಂದು ದೂರಿನ ಪತ್ರ ಬರೆದ.

ಐದಾರು ವಾರದಲ್ಲಿ ದೋಣಿ ಸುಧಾರಿಸಿತು. ಅದಕ್ಕೂ ಅವನಲ್ಲಿ ಉತ್ತರವಿತ್ತು. ಗಾಳಿಯ ಸೋಮಾರಿತನವನ್ನು ತಾನು ಅಂದಾಜು ಹಾಕಿ ಒಂದು ಗಳಿಗೆ ಮುಂಚೆಯೇ ಒತ್ತುತ್ತಿದ್ದೇನೆ, ಅನುಭವ ಅಂದರೆ ಇದು ಎಂದು ಬೆನ್ನು ತಟ್ಟಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನೋ ಕುಣಿಯದೆಯೇ ಕುಣಿದೆ ಅಂದುಕೊಂಡು ಕೂತಿದ್ದ. ಹೆಬ್ಬೆರಳಿಗೆ ಬಲ ಬರುತ್ತಿದೆ ಎಂದು ವ್ಯಾಯಾಮದ ಮೇಡಂ ಹೇಳಿದಾಗ, ಸಮಾಧಾನಕ್ಕೆ ಹೇಳುತ್ತಾರೆ ಎಂದು ತಲೆಯಾಡಿಸಿದ. ಅಮ್ಮ ಲೋಟ ಹಿಡಿಯುತ್ತಿದ್ದುದು ಇನ್ನೂ ಎಡಗೈಯಲ್ಲೇ.

ಅದಕ್ಕೇ ಹೊಲಿಗೆ ಮೆಷಿನ್ನಿನ ತೀರ್ಮಾನವನ್ನೂ ಅವನೊಬ್ಬನೇ ಮಾಡಿದ. ಮುಂದಿನ ಕೋಣೆಯಲ್ಲಿ ಬಟ್ಟೆ ಹೊದ್ದು ನಿಂತಿರುವುದನ್ನು ನೋಡಿದಾಗಲೆಲ್ಲ ಅಮ್ಮನ ಹೊಟ್ಟೆ ಉರಿಯುತ್ತದೆ, ಕಣ್ಣ ಮುಂದಿನಿಂದ ಹೋಗಲಿ ಎಂದು, ಅವಳ ಹತ್ತಿರ ಹೊಲಿಗೆ ಕಲಿತ ಶಿಷ್ಯೆಗೆ ಸುಮ್ಮನೆ ಕೊಟ್ಟುಬಿಡುವುದೆಂದು ಹೇಳಿ ಕಳಿಸಿದ. ಅತ್ತೆಯನ್ನು ಒಂದು ಮಾತು ಕೇಳಿ ಎಂದು ಹೆಂಡತಿ ಎರಡು ಸಲ ಹೇಳಿದಳು. ಕೇಳಿದರೆ ಅಳುತ್ತಾಳೆ, ಕೊಟ್ಟ ಮೇಲೆ ಹೇಳಿದರಾಯಿತು ಅಂದ.

ಶನಿವಾರ ಹನ್ನೊಂದು ಗಂಟೆಗೆ ಶಿಷ್ಯೆ ಗಂಡನನ್ನು ಕರೆದುಕೊಂಡು ಬಂದಳು. ಒಳಗೆ ಆಟ ನಡೆದಿತ್ತು. ಬೆಲ್ಲು ಕೇಳಿ ವೈರಪ್ಪ ಟವೆಲ್ಲನ್ನೂ ಅದರೊಳಗಿನ ಕಂಟ್ರೋಲರನ್ನೂ ಕುರ್ಚಿಯ ಮೇಲಿಟ್ಟು ಎದ್ದು ಹೋದ. ಇನ್ನರ್ಧ ನಿಮಿಷದಲ್ಲಿ ದೋಣಿ ದಡಕ್ಕೆ ಹೊಡೆಯುತ್ತದೆ, ಮೆಷಿನ್ನು ಕೆಟ್ಟಿತು ಅಂತ ಅಮ್ಮನಿಗೆ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡ. ಮೂವರೂ ಸೇರಿ ಹೊಲಿಗೆ ಮೆಷಿನ್ನು ಎತ್ತಿದರು. ಅದರ ಕಬ್ಬಿಣದ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಲು ಬಗ್ಗಿದ ವೈರಪ್ಪನಿಗೆ ಒಳಕೋಣೆಯ ಟಿವಿ ನೇರ ಕಂಡಿತು.

ದೋಣಿ ಹೋಗುತ್ತಲೇ ಇತ್ತು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಎಡತಿರುವಿನಲ್ಲಿ ದೋಣಿ ನಿಧಾನವಾಗಿ ಎಡಕ್ಕೆ ವಾಲಿತು, ಬಂಡೆಯನ್ನು ಬಳಸಿತು, ಇಷ್ಟು ದಿನವೂ ಡಿಕ್ಕಿ ಹೊಡೆದು ನಿಲ್ಲುತ್ತಿದ್ದ ಸೇತುವೆಯ ಎರಡು ಕಂಬಗಳ ನಡುವೆ ನುಸುಳಿ ಆಚೆ ಹೋಯಿತು. ಕುರ್ಚಿ ಖಾಲಿ. ಹೆಂಡತಿ ಅಡುಗೆಮನೆಯಲ್ಲಿ. ಕಡ್ಡಿ ಸವೆದು ತಾನಾಗಿ ವಾಲುತ್ತಿರಬೇಕು, ಈ ಹೊಸ ಕಂಟ್ರೋಲರುಗಳ ಹಣೆಬರಹವೇ ಇಷ್ಟು ಎಂದು ರಿಪೇರಿಯವನ ಬುದ್ಧಿ ಆಗಲೂ ಅಂದಿತು. ಆದರೆ ಸವೆದ ಕಡ್ಡಿ ಒಂದೇ ಕಡೆ ವಾಲುತ್ತದೆ, ಬಂಡೆ ಬಳಸುವುದಿಲ್ಲ.

ಹೊಲಿಗೆ ಮೆಷಿನ್ನನ್ನು ಶಿಷ್ಯೆಯ ಗಂಡನ ಕೈಗೆ ಬಿಟ್ಟು ಒಳಗೆ ಬಂದ. ಟವೆಲ್ಲು ತೆಗೆದು ತನ್ನ ಕಂಟ್ರೋಲರನ್ನು ಹಿಡಿದು ಕಡ್ಡಿಯನ್ನು ಬಲಕ್ಕೆ ತಳ್ಳಿದ. ದೋಣಿ ಎಡಕ್ಕೆ ಹೋಯಿತು. ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದ. ದೋಣಿ ಅವನನ್ನು ಕ್ಯಾರೇ ಅನ್ನಲಿಲ್ಲ. ತನ್ನದರ ನೆತ್ತಿ ನೋಡಿದ. ದೀಪ ಇರಲಿಲ್ಲ. ಅಮ್ಮನ ಮುಂದೆ ಮಂಡಿಯೂರಿ, ಅವಳ ಕೈಲಿದ್ದದ್ದರ ಮೇಲಿನ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತ. ನೀಲಿ ದೀಪ ಕಣ್ಣಿಗೆ ಹೊಡೆಯಿತು. ಅದರ ಬೆಳಕಿನಲ್ಲಿ ಅಮ್ಮನ ಬಲ ಹೆಬ್ಬೆರಳು ಬಾಗುತ್ತಿತ್ತು, ನೆಟ್ಟಗಾಗುತ್ತಿತ್ತು, ಮತ್ತೆ ಬಾಗುತ್ತಿತ್ತು. ಆರು ವಾರ ಆ ಬೆರಳಿನಿಂದ ಒಂದು ಮೊಳ ದೂರದಲ್ಲಿ ಕೂತಿದ್ದವನು ಅದನ್ನು ಒಂದು ಸಲವೂ ನೋಡಿರಲಿಲ್ಲ.

ಪೆಟ್ಟಿಗೆಯಲ್ಲಿದ್ದ ತೆಳ್ಳನೆಯ ಪುಸ್ತಕವನ್ನು ಅವನು ಆಗ ಬಿಚ್ಚಿದ. ನಾಲ್ಕನೇ ಪುಟದಲ್ಲಿ ದಪ್ಪಕ್ಷರದಲ್ಲೇ ಇತ್ತು. ಯಾವ ಕಂಟ್ರೋಲರನ್ನು ವೈರಿನಿಂದ ಮೆಷಿನ್ನಿಗೆ ಸಿಕ್ಕಿಸುತ್ತೀರೋ ಅದೇ ಮೊದಲನೇ ಆಟಗಾರ. ಒಂಟಿ ಆಟದಲ್ಲಿ ಇನ್ನೊಂದರ ಸಂಬಂಧ ತಾನಾಗಿ ಕಡಿಯುತ್ತದೆ. ಚಾರ್ಜಿಗೆಂದು ಪ್ರತಿ ಸಂಜೆ ಅಮ್ಮನದನ್ನು ಸಿಕ್ಕಿಸಿದವನು ಅವನೇ. ಇಪ್ಪತ್ತೆರಡು ವರ್ಷ ಬೀದಿಗೆಲ್ಲ ಹೇಳಿದ್ದನ್ನು ವೈರು ಅವನ ಮನೆಯಲ್ಲೇ ಮಾಡಿ ತೋರಿಸಿತ್ತು.

ಅಮ್ಮ ಆಟ ನಿಲ್ಲಿಸಿ, ಅವನ ಕೈಲಿದ್ದ ಸತ್ತ ಕಂಟ್ರೋಲರನ್ನು ನೋಡಿ ನಕ್ಕಳು.

"ಅಂತೂ ಗೊತ್ತಾಯ್ತಾ ನಿಂಗೆ?" ಅಂದಳು. "ನಿಂದು ಕೆಲಸ ಮಾಡಲ್ಲ ಅಂತ ನಂಗೆ ಮೊದಲನೇ ವಾರವೇ ಗೊತ್ತಿತ್ತು ಕಣೋ. ನೀನು ತೂಕಡಿಸಿದಾಗಲೂ ದೋಣಿ ಹೋಗ್ತಿತ್ತಲ್ಲ. ಚಿಕ್ಕವನಿದ್ದಾಗ ದಾರ ಇಲ್ಲದ ಸೂಜಿ ಕೊಟ್ಟು ನಿನ್ನನ್ನ ಹೊಲಿಗೆ ಮೆಷಿನ್ ಮುಂದೆ ಕೂರಿಸ್ತಿದ್ದೆ. ಮಧ್ಯಾಹ್ನವೆಲ್ಲ ಹೊಲಿದೆ ಅಂತ ಕುಣೀತಿದ್ದೆ ನೀನು. ಇದೂ ಹಾಗೇ, ಟವೆಲ್ ಕೆಳಗೆ ಒತ್ಕೊಂಡು ಖುಷಿಯಾಗಿದೀಯಲ್ಲ, ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ."

ವೈರಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ನಗುವಿನ ಹಿಂದೆ ಅಡಗಿ ಪಾರಾಗಿಬಿಡಬಹುದಿತ್ತು. ಅಷ್ಟರಲ್ಲಿ ಅವಳ ಕಣ್ಣು ಅವನ ಉಗುರಿಗೆ ಅಂಟಿಕೊಂಡಿದ್ದ ಕರೀ ಟೇಪಿನ ಮೇಲೆ ಬಿತ್ತು. ನನ್ನದರ ದೀಪಕ್ಕೆ ಇದನ್ನು ಯಾಕೆ ಹಚ್ಚಿದ್ದೆ ಎಂದು ಕೇಳಿದಳು. ಅದೇ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಕಬ್ಬಿಣದ ಕಾಲು ಚೌಕಟ್ಟಿಗೆ ಮತ್ತೆ ತಾಗಿ ಠಣ್ ಎಂದಿತು. ನಲವತ್ತು ವರ್ಷ ಕಾಲಡಿಗಿದ್ದ ಸದ್ದು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸತ್ತದ್ದನ್ನ ಕೊಟ್ಟಿದ್ದು ನಿಂಗೆ, ಅಮ್ಮ," ಅಂದ ವೈರಪ್ಪ. "ನಿನ್ನ ಕೈ ಬರಲ್ಲ ಅಂದ್ಕೊಂಡೆ. ಹೊಲಿಗೆ ಮೆಷಿನ್ನೂ ಕೊಟ್ಟುಬಿಟ್ಟೆ."

ಅಮ್ಮನ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಅಡುಗೆಮನೆಯಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಅಮ್ಮ ಬೈದಿದ್ದರೆ ವೈರಪ್ಪ ಬದುಕಿಕೊಳ್ಳುತ್ತಿದ್ದ. ಅವಳು ಕುರ್ಚಿಯ ಕೈ ಹಿಡಿದು ಎದ್ದಳು, ಸೊಸೆಯ ಭುಜ ಹಿಡಿದುಕೊಂಡು ಮುಂದಿನ ಕೋಣೆಗೆ ನಡೆದಳು. ಮೆಷಿನ್ನು ಇದ್ದ ಜಾಗದಲ್ಲಿಡಿ ಎಂದು ಶಿಷ್ಯೆಗೆ ಹೇಳಿದಳು. ಶಿಷ್ಯೆಗೂ ಅದೇ ಬೇಕಿತ್ತೇನೋ, ಗಂಡನ ಕಡೆ ಒಂದು ನೋಟ ಬೀರಿದಳು. ಇಬ್ಬರೂ ತಟಕ್ಕನೆ ತಿರುಗಿಸಿ ಇಟ್ಟು, ಕೈ ಮುಗಿದು ಹೊರಟುಹೋದರು.

ಅಮ್ಮ ಹೊದಿಕೆ ತೆಗೆದು ಸ್ಟೂಲಿನ ಮೇಲೆ ಕೂತಳು. ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಒಂದು ಚೂರು ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಲು ನೋಡಿದಳು; ಜಾರಿತು, ಮತ್ತೆ ಹಿಡಿದಳು, ಈ ಸಲ ನಿಂತಿತು. ಆಮೇಲೆ, ಅವನ ಕಡೆ ತಿರುಗದೆ ಅಂದಳು:

"ಸೂಜಿಗೆ ದಾರ ಪೋಣಿಸು ಬಾ. ನಂಗೆ ದಾರ ಇರೋದೇ ಬೇಕು."

ಕೂದಲೆಳೆಯಷ್ಟು ಸಣ್ಣ ವೈರನ್ನು ಕಣ್ಣು ಮುಚ್ಚಿ ಬೆಸೆಯುತ್ತಿದ್ದ ವೈರಪ್ಪ ಸೂಜಿಯ ಮುಂದೆ ಬಗ್ಗಿದ. ಸೂಜಿಯ ಕಣ್ಣು ಮಂಜಾಗಿ ಕಾಣುತ್ತಿತ್ತು. ನಾಲ್ಕು ಸಲ ತಪ್ಪಿತು. ಐದನೇ ಸಲ ದಾರ ಒಳಗೆ ಹೋಗುವವರೆಗೂ ಅಮ್ಮ ಬಟ್ಟೆ ಬಿಡದೆ ಹಿಡಿದುಕೊಂಡು ಕಾದಳು.