ಆರು ಕೂದಲಿನ ನೊಣ

ಮೈಕ್ರೋಸ್ಕೋಪಿನ ಎರಡು ಕಣ್ಣುಗೊಳವೆಗಳನ್ನು ಗುತ್ತಿಗೆಯ ಹುಡುಗಿ ಮತ್ತೆ ಹತ್ತಿರ ಹತ್ತಿರ ತಂದಿಟ್ಟಿದ್ದಳು. ನೊಣದಕ್ಕ ಬಗ್ಗಿ ನೋಡಿದರೆ ಅರ್ಧ ಕತ್ತಲೆ, ಅರ್ಧ ನೊಣ. ಇಪ್ಪತ್ತೆರಡು ವರ್ಷ ತನ್ನ ಮುಖದ ಅಗಲಕ್ಕೆ ಒಗ್ಗಿದ್ದ ಯಂತ್ರ ಈಗ ಎಂಟು ತಿಂಗಳಿನಿಂದ ಯಾರದೋ ಪುಟ್ಟ ಮುಖಕ್ಕೆ ಹೊಂದಿಕೊಂಡು ಕೂತಿರುತ್ತಿತ್ತು. ರಪ್ಪನೆ ಎಳೆದು ಅಗಲ ಮಾಡಿದಳು.

"ಅಕ್ಕಾ, ಬೆನ್ನಿನ ತುದಿ ನೋಡಿ. ನಾಲ್ಕು ಕೂದಲಿರಬೇಕಲ್ವಾ? ಇದಕ್ಕೆ ಆರಿದೆ."

ಆರೇ ಇದ್ದವು. ಕ್ಯಾಂಟೀನಿನ ಹಿಂದೆ ಬಿಸಾಡಿದ ಕೊಳೆತ ಪಪ್ಪಾಯಿಯ ಮೇಲೆ ಹುಡುಗಿ ಹಿಡಿದ ನೊಣವಂತೆ. ನೊಣದಕ್ಕನೂ ಅದೇ ದಾರಿಯಲ್ಲಿ ದಿನಾ ಮೂಗು ಮುಚ್ಚಿಕೊಂಡು ಓಡಾಡಿದವಳೇ.

"ಹೊಸಬರಿಗೆ ಎಲ್ಲಾ ಹೊಸದಾಗೇ ಕಾಣುತ್ತೆ," ಎಂದು ಎದ್ದುಬಿಟ್ಟಳು.

ಆ ವಸ್ತುಸಂಗ್ರಹಾಲಯದಲ್ಲಿ ಎರಡನೇ ಮಹಡಿಯ ಕೊನೆಯ ಕೋಣೆ ನೊಣಗಳದ್ದು. ನಲವತ್ತು ಸಾವಿರ ನೊಣ, ಒಂದೊಂದಕ್ಕೂ ಒಂದು ಸೂಜಿ, ಸೂಜಿಯ ಬುಡದಲ್ಲಿ ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಚೀಟಿ: ಹಿಡಿದ ದಿನ, ಹಿಡಿದ ಜಾಗ, ಹಿಡಿದವರ ಹೆಸರು. ಅಷ್ಟನ್ನೂ ನೋಡಿಕೊಳ್ಳುತ್ತಿದ್ದವಳಿಗೆ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಇಟ್ಟ ಹೆಸರು ನೊಣದಕ್ಕ. ಈಗೀಗ ಹುಡುಗಿಯನ್ನು ಚಿಕ್ಕ ನೊಣದಕ್ಕ ಅನ್ನತೊಡಗಿದ್ದರು. ಇವಳಿಗೆ ಮೈಯೆಲ್ಲಾ ಉರಿಯುತ್ತಿತ್ತು. ಹೆಸರಿನಲ್ಲೂ ಪಾಲು ಕೊಡಬೇಕೇ?

ಆರು ಕೂದಲಿನ ಸುದ್ದಿ ಕೇಳಿ ನಿರ್ದೇಶಕರಂತೂ ಕೋಣೆಗೇ ಬಂದು, "ಇಪ್ಪತ್ತೆರಡು ವರ್ಷದಲ್ಲಿ ನಿಮಗೊಂದೂ ಹೊಸ ನೊಣ ಸಿಗಲಿಲ್ವಲ್ಲ ಮೇಡಂ!" ಎಂದು ನಕ್ಕರು. ನೊಣದಕ್ಕನೂ ನಕ್ಕಳು. ಮಧ್ಯಾಹ್ನ ಊಟ ಸೇರಲಿಲ್ಲ.

ಆದರೆ ಸಿಕ್ಕಿದ್ದು ಹೆಣ್ಣು ನೊಣ. ಈ ಬಗೆಯ ನೊಣಗಳಲ್ಲಿ ಜಾತಿ ಯಾವುದೆಂದು ಖಚಿತವಾಗುವುದು ಗಂಡಿನ ಹೊಟ್ಟೆಯ ತುದಿಯಿಂದ. ಗಂಡಿಲ್ಲದೆ ಹೊಸ ಹೆಸರಿಲ್ಲ. ಹುಡುಗಿಯ ಗುತ್ತಿಗೆ ಇನ್ನೆರಡು ತಿಂಗಳಿಗೆ ಮುಗಿಯುವುದಿತ್ತು. ಗಂಡು ಸಿಕ್ಕರೆ ಮುಂದುವರಿಸೋಣ ಎಂದಿದ್ದರು ನಿರ್ದೇಶಕರು. ಎರಡು ತಿಂಗಳು ಅವಳು ಬಾಟಲಿಗಳಲ್ಲಿ ಪಪ್ಪಾಯಿ ಕೊಳೆಹಾಕಿ ತೋಟದ ಗಿಡಗಿಡಕ್ಕೂ ಕಟ್ಟಿದಳು, ಮಾಲಿಯಿಂದ ಬೈಸಿಕೊಂಡಳು. ದಿನಾ ಬೆಳಿಗ್ಗೆ ಅವಳು ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಬರುವ ಸದ್ದು ನೊಣದಕ್ಕನ ಕಿವಿಗೆ ಹಿತವಾಗಿರುತ್ತಿತ್ತು. ಹಿತವಾಗಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು, ಆದರೆ ಸ್ವಲ್ಪ ತಡವಾಗಿ.

ಗುತ್ತಿಗೆ ಮುಗಿಯಲು ನಾಲ್ಕು ದಿನವಿದ್ದಾಗ ನೊಣದಕ್ಕ ಹದಿನೇಳನೇ ಬೀರುವಿನ ನುಸಿಗುಳಿಗೆ ಬದಲಿಸಲು ಹೋದಳು. ಸಾಮಾನ್ಯ ಹಣ್ಣುನೊಣದ ಪೆಟ್ಟಿಗೆ, ಕೊನೆಯ ಸಾಲು. ಅಲ್ಲೊಂದು ಚೀಟಿಯ ಮೇಲೆ ದುಂಡಗಿನ, ಹೆದರಿದ ಅಕ್ಷರ. ಕೆಲಸಕ್ಕೆ ಸೇರಿದ ವರ್ಷದ ಅವಳದೇ ಅಕ್ಷರ. 'ಕೆರೆ ದಂಡೆ, ಕೊಳೆತ ಪಪ್ಪಾಯಿ.' ಕೆಳಗೊಂದು ಪ್ರಶ್ನೆಚಿಹ್ನೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸಾಮಾನ್ಯ ನೊಣದ ಹೆಸರು ಬರೆದವರು ಆಗಿನ ಮೇಲಧಿಕಾರಿ.

ಥಟ್ಟನೆ ನೆನಪಾಯಿತು. ಅಂದು ಅವಳೂ ಆರು ಎಣಿಸಿದ್ದಳು. ಆ ಹಿರಿಯರು ಕುರ್ಚಿಯಿಂದ ಏಳದೆಯೇ, ಹೊಸಬರಿಗೆ ಎಲ್ಲಾ ಹೊಸದಾಗೇ ಕಾಣುತ್ತೆ ಕಣಮ್ಮ, ಎಂದಿದ್ದರು. ಇವಳು ಹೂಂ ಎಂದಿದ್ದಳು. ಈಗ ಭೂತಗನ್ನಡಿ ಹಿಡಿದು ನೋಡಿದಳು. ಗಂಡು.

ಪೆಟ್ಟಿಗೆ ಮುಚ್ಚಿದಳು. ಎರಡು ದಿನ ಬಾಯಿ ಬಿಡಲಿಲ್ಲ. ಒಮ್ಮೆ ಉಫ್ ಎಂದರೆ ಸಾಕು, ಅಷ್ಟು ಹಳೆಯ ನೊಣದ ತಲೆ, ಹೊಟ್ಟೆ ಎಲ್ಲಾ ಪುಡಿಪುಡಿ. ಹಾಗೆ ಯೋಚಿಸಿದ್ದೂ ಹೌದು.

ಎರಡನೇ ಸಂಜೆ ಮನೆಯಲ್ಲಿ ಟೈಲರ್ ಗಂಡ ಹೊಲಿಗೆ ಮಷಿನ್ ನಿಲ್ಲಿಸಿ, "ಯಾಕೆ ಮುಖ ಊದಿಸಿಕೊಂಡಿದ್ದೀಯ? ಆ ಹುಡುಗಿ ನೊಣದ ವಿಷಯಾನೇ?" ಎಂದ.

"ಎರಡು ಕೂದಲು ಜಾಸ್ತಿ ಇದ್ದಿದ್ದಕ್ಕೆ ತಲೆ ಮೇಲೆ ಕೂರಿಸಿಕೊಂಡಿದ್ದಾರೆ ಅವಳನ್ನ."

"ನಾನು ಶರ್ಟಿಗೆ ಎರಡು ಗುಂಡಿ ಜಾಸ್ತಿ ಇಟ್ರೆ ಗಿರಾಕಿ ಬೈತಾನೆ. ನಿಮ್ಮಲ್ಲಿ ನಾಮಕರಣ ಮಾಡ್ತಾರೆ!" ನಕ್ಕವನು ಅವಳ ಮುಖ ನೋಡಿ ಸೂಜಿಗೆ ದಾರ ಪೋಣಿಸತೊಡಗಿದ. "ಹೋಗಲಿ ಬಿಡೇ. ನಾಡಿದ್ದು ಹೋಗ್ತಾಳಲ್ಲ."

ಕೊನೆಯ ದಿನ ಹುಡುಗಿ ಬಾಟಲಿಗಳನ್ನು ತೊಳೆದು ಸಾಲಾಗಿ ಬೋರಲು ಹಾಕಿದ್ದಳು. ಮೂಗು ಕೆಂಪಾಗಿತ್ತು. ಮೇಜಿನ ಮೇಲೆ ಬಗ್ಗಿ ತನ್ನ ನೊಣಕ್ಕೆ ಹೊಸ ಚೀಟಿ ಬರೆಯುತ್ತಿದ್ದಳು. ನೊಣದಕ್ಕ ಹಿಂದಿನಿಂದ ಇಣುಕಿದಳು. ಪ್ರಶ್ನೆಚಿಹ್ನೆಯಿದ್ದ ಹಳೆಯ ಚೀಟಿ ಪಕ್ಕದಲ್ಲಿ ಬಿದ್ದಿತ್ತು. ಹೊಸದರ ಮೇಲೆ ಸಾಮಾನ್ಯ ಹಣ್ಣುನೊಣದ ಹೆಸರು ಅರ್ಧ ಬಂದಿತ್ತು, ದುಂಡಗಿನ ಅಕ್ಷರದಲ್ಲಿ.

"ನೀವು ಹೇಳಿದ್ದೇ ಸರಿ ಅಕ್ಕ," ಎಂದಳು ಹುಡುಗಿ, ತಲೆ ಎತ್ತದೆ. "ಹೊಸಬರಿಗೆ ಎಲ್ಲಾ ಹೊಸದಾಗೇ ಕಾಣುತ್ತೆ."

ನೊಣದಕ್ಕನಿಗೆ ಅವಳ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಂಡೇಬಿಟ್ಟಳು.

"ಯಾರೋ ಅಂದ್ರು ಅಂತ ಹೂಂ ಅಂದುಬಿಡೋದಾ? ಕೂತ್ಕೋ ಅಲ್ಲೇ."

ಹದಿನೇಳನೇ ಬೀರುವಿನಿಂದ ಪೆಟ್ಟಿಗೆಯನ್ನು ಉಸಿರು ಬಿಗಿಹಿಡಿದು ತಂದಳು. ಹೊಟ್ಟೆಯುರಿ ಒಂದು ಚೂರೂ ಇಳಿದಿರಲಿಲ್ಲ. ಪೆಟ್ಟಿಗೆ ಕೆಳಗಿಡುವಾಗಲೂ ಕೈ ಹಿಂದಕ್ಕೇ ಎಳೆಯುತ್ತಿತ್ತು. ಇಟ್ಟಳು.

ಹುಡುಗಿ ಮೈಕ್ರೋಸ್ಕೋಪನ್ನು ತನ್ನ ಮುಖಕ್ಕೆ ಹೊಂದಿಸಿಕೊಂಡು ನೋಡಿದಳು. ಮತ್ತೆ ನೋಡಿದಳು.

"ಅಕ್ಕಾ, ಗಂಡು! ಆರಿದೆ!" ಚೀಟಿ ಓದಿ ಅವಳ ದನಿ ಇಳಿಯಿತು. "ನಿಮ್ಮ ಹೆಸರು... ನಾನಾಗ ಎರಡು ವರ್ಷದ ಮಗು. ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ನೊಣದಕ್ಕ. "ಒಂದು ಮಧ್ಯಾಹ್ನದ ಮಟ್ಟಿಗೆ."

ಹುಡುಗಿ ಗಡಬಡಿಸಿ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಎರಡು ನೊಣಗಳೂ ಪಕ್ಕಪಕ್ಕದಲ್ಲಿದ್ದವು. ನೊಣದಕ್ಕ ಕೂತು ಬಗ್ಗಿದಳು. ಅರ್ಧ ಕತ್ತಲೆ, ಅರ್ಧ ನೊಣ. ಅಗಲ ಮಾಡಲು ಎತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಒಂದೊಂದಾಗಿ ಎಣಿಸತೊಡಗಿದಳು.